ಅಮೃತಸರದ ಡೇರೆಗಳು

(ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವವರ ಮನೆಮಂದಿ ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುತ್ತಿರುವವರು. ಆ ಒಬ್ಬರು ಮಗನಿರಬಹುದು, ತಂಗಿಯಿರಬಹುದು, ಗಂಡನಿರಬಹುದು. ಕಾಯಿಲೆಯ ಹೆಸರನ್ನು ವೈದ್ಯರು ಹೇಳಿದ್ದಾರೆ. ಮಾತ್ರೆಗಳ ಹೆಸರು ನಿಮಗೆ ಬಾಯಿಪಾಠವಾಗಿದೆ. ಆದರೂ ಒಂದು ಪ್ರಶ್ನೆ ಒಳಗೊಳಗೇ ಕೊರೆಯುತ್ತಿರುತ್ತದೆ: "ಇದು ನಮ್ಮಿಂದಲೇ ಆದದ್ದೆ? ನಾವು ಬೆಳೆಸಿದ ರೀತಿಯಲ್ಲೇ ತಪ್ಪಿತ್ತೆ?" ಬಂಧುಗಳು ಇದನ್ನು ಬಾಯಿಬಿಟ್ಟು ಕೇಳದಿದ್ದರೂ ಕಣ್ಣಿನಲ್ಲೇ ಕೇಳುತ್ತಾರೆ. ರಾತ್ರಿ ನಿದ್ದೆ ಬಾರದಿದ್ದಾಗ ನಾವೇ ನಮ್ಮನ್ನು ಕೇಳಿಕೊಳ್ಳುತ್ತೇವೆ.

ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವ ಮೊದಲು ನಿಮಗೆ ಒಂದಿಷ್ಟು ಚರಿತ್ರೆ ಹೇಳುತ್ತೇನೆ. ಅದು ಗೋಡೆಗಳ ಮತ್ತು ಡೇರೆಗಳ ಚರಿತ್ರೆ. ಮನಸ್ಸಿನ ಕಾಯಿಲೆಯವರನ್ನು ಗೋಡೆಯ ಒಳಗೆ ಇಟ್ಟಾಗ ಏನಾಯಿತು, ಬಯಲಿಗೆ ತಂದಾಗ ಏನಾಯಿತು, ಆ ಬಯಲಿಗೆ ಮನೆಯವರನ್ನೂ ಕರೆದಾಗ ಏನಾಯಿತು ಎನ್ನುವುದನ್ನು ನೋಡೋಣ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಗೋಡೆಯಿಂದ ಬಯಲಿಗೆ

ಹುಚ್ಚಾಸ್ಪತ್ರೆ ಎಂದೊಡನೆ ನಮ್ಮ ಹಿರಿಯರ ಕಣ್ಣಿಗೆ ಬರುತ್ತಿದ್ದುದು ಎತ್ತರದ ಗೋಡೆ ಮತ್ತು ದೊಡ್ಡ ಬೀಗ. ಇದು ಬರೀ ಕಲ್ಪನೆಯೂ ಆಗಿರಲಿಲ್ಲ. ನಮ್ಮ ದೇಶದಲ್ಲಿ 1912ರ ಭಾರತೀಯ ಲ್ಯೂನಸಿ ಕಾಯ್ದೆ ದಶಕಗಳ ಕಾಲ ಜಾರಿಯಲ್ಲಿತ್ತು. ಅದರ ಪ್ರಕಾರ ಹೆಚ್ಚಿನ ರೋಗಿಗಳು ಆಸ್ಪತ್ರೆಯ ಒಳಗೆ ಹೋಗುತ್ತಿದ್ದುದು ಮ್ಯಾಜಿಸ್ಟ್ರೇಟರ ಆಜ್ಞೆಯ ಮೇಲೆ. ಕಾಯಿಲೆಗೂ ಅಪರಾಧಕ್ಕೂ ಒಂದೇ ಬಾಗಿಲು ಎಂಬಂತಿತ್ತು. ಮನೆಯವರು ಬಾಗಿಲಿನವರೆಗೆ ಬಂದು ಬಿಟ್ಟು ಹೋಗುತ್ತಿದ್ದರು. ಆಮೇಲೆ ಅವರು ಬರೀ ಭೇಟಿಗೆ ಬರುವವರು. ದೂರದ ಊರಾದರೆ ಆ ಭೇಟಿಯೂ ಕ್ರಮೇಣ ನಿಲ್ಲುತ್ತಿತ್ತು. ವಾಸಿಯಾದರೂ ಕರೆದೊಯ್ಯಲು ಯಾರೂ ಬಾರದೆ ಅಲ್ಲಿಯೇ ಮುದುಕರಾದವರು ಎಷ್ಟೋ ಜನ.

ಗೋಡೆಯನ್ನು ಪ್ರಶ್ನಿಸಿದವರು ಮೊದಲಿನಿಂದಲೂ ಇದ್ದರು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಎಂಬ ಚಹದ ವ್ಯಾಪಾರಿ 1796ರಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮವನ್ನು ತೆರೆದ. ಆತ ಕ್ವೇಕರ್ ಪಂಥದವನು. ಸರಪಳಿ ಬಿಗಿಯುವುದು, ಹೊಡೆಯುವುದು ಅಲ್ಲಿ ಇರಲಿಲ್ಲ. ತೋಟ ಇತ್ತು, ಅಂಗಳದಲ್ಲಿ ಮೊಲ ಮತ್ತು ಕೋಳಿಗಳನ್ನು ಬಿಟ್ಟಿದ್ದರು. ತನ್ನನ್ನು ತಾನು ನೋಡಿಕೊಳ್ಳಲಾರೆನೆಂದು ಕುಳಿತ ಮನುಷ್ಯ ಇನ್ನೊಂದು ಜೀವವನ್ನು ನೋಡಿಕೊಳ್ಳಲಿ ಎನ್ನುವುದು ಆ ಏರ್ಪಾಡಿನ ಹಿಂದಿದ್ದ ಯೋಚನೆ.

ಇನ್ನೊಂದು ಪಾಠ ಆಕಸ್ಮಿಕವಾಗಿ ಬಂತು. 1901ರಲ್ಲಿ ನ್ಯೂಯಾರ್ಕಿನ ವಾರ್ಡ್ಸ್ ದ್ವೀಪದಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕ್ಷಯ ತಗುಲಿದ ರೋಗಿಗಳು ಬಹಳ ಇದ್ದರು. ಸೋಂಕು ಉಳಿದವರಿಗೆ ಹರಡದಿರಲೆಂದು ವೈದ್ಯರು ಅವರನ್ನು ಕಟ್ಟಡದಿಂದ ಹೊರತಂದು ಹುಲ್ಲುಹಾಸಿನ ಮೇಲೆ ಡೇರೆಗಳಲ್ಲಿ ಇರಿಸಿದರು. ಉದ್ದೇಶ ಇದ್ದದ್ದು ಶ್ವಾಸಕೋಶದ ಬಗ್ಗೆ. ಆದರೆ ರೋಗಿಗಳ ಮನಸ್ಸೂ ಸುಧಾರಿಸುತ್ತಿರುವುದು ವೈದ್ಯರ ಗಮನಕ್ಕೆ ಬಂತು. ಹಾಸಿಗೆ ಬಿಟ್ಟೇಳದವರು ಓಡಾಡಲು ತೊಡಗಿದ್ದರು. ಕ್ಷಯವಿಲ್ಲದ ರೋಗಿಗಳಿಗೂ ಈ ಪ್ರಯೋಗವನ್ನು ವಿಸ್ತರಿಸಿದರು.

ಐದು ವರ್ಷಗಳ ನಂತರ, 1906ರ ಏಪ್ರಿಲ್ 18ರಂದು, ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪವಾಯಿತು. ಅಲ್ಲಿಗೆ ಸಮೀಪದ ಆಗ್ನ್ಯೂಸ್ ಎಂಬಲ್ಲಿದ್ದ ಮಾನಸಿಕ ಆಸ್ಪತ್ರೆಯ ಇಟ್ಟಿಗೆ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಬದುಕಿ ಉಳಿದ ರೋಗಿಗಳು ಹೊರಗೆ ಡೇರೆಗಳಲ್ಲಿ ಇರಬೇಕಾಯಿತು. ಅವರು ದಿಕ್ಕಾಪಾಲಾಗಿ ಓಡಿಹೋಗುತ್ತಾರೆ, ಗಲಭೆ ಮಾಡುತ್ತಾರೆ ಎಂಬ ಭಯವಿತ್ತು. ಆದರೆ ಹಲವರು ಒಳಗಿದ್ದಾಗಿಗಿಂತ ಶಾಂತವಾಗಿದ್ದರು, ಕೆಲಸದಲ್ಲಿ ಕೈಜೋಡಿಸಿದರು ಎಂದು ಆಗಿನ ವೈದ್ಯರು ಬರೆದಿಟ್ಟಿದ್ದಾರೆ.

ಈ ಎರಡೂ ಪ್ರಸಂಗಗಳಲ್ಲಿ ಬಯಲು ಇತ್ತು, ಗಾಳಿ ಬೆಳಕು ಇತ್ತು. ಒಂದು ಮಾತ್ರ ಇರಲಿಲ್ಲ. ಅದು ಮನೆಯವರು. ಅವರು ಆಗಲೂ ಬೇಲಿಯ ಆಚೆಗೇ ಇದ್ದರು.

ತಾಯಿಯ ಮೇಲೆ ಆಪಾದನೆ

ಇಪ್ಪತ್ತನೆಯ ಶತಮಾನದ ನಡುವಿಗೆ ಬರೋಣ. ಆಗ ಅಮೆರಿಕದ ಮನೋವೈದ್ಯರಲ್ಲಿ ಮನೆಯವರ ಬಗ್ಗೆ ಕುತೂಹಲ ಹುಟ್ಟಿತು. ಆದರೆ ಅದು ಪೊಲೀಸರಿಗೆ ಶಂಕಿತನ ಬಗ್ಗೆ ಇರುವಂಥ ಕುತೂಹಲ. ಫ್ರೀಡಾ ಫ್ರಾಮ್–ರೈಕ್‌ಮನ್ ಎಂಬ ಪ್ರಸಿದ್ಧ ಮನೋವೈದ್ಯೆ 1948ರಲ್ಲಿ ಬರೆದ ಲೇಖನದಿಂದ 'ಸ್ಕಿಜೋಫ್ರೇನಿಯಾ ಹುಟ್ಟಿಸುವ ತಾಯಿ' ಎಂಬ ಕಲ್ಪನೆ ಬಳಕೆಗೆ ಬಂತು. ತಾಯಿಯ ತಣ್ಣಗಿನ, ಕಠೋರವಾದ ವರ್ತನೆಯಿಂದ ಮಕ್ಕಳಲ್ಲಿ ಈ ಕಾಯಿಲೆ ಹುಟ್ಟುತ್ತದೆ ಎಂಬುದು ಇದರ ಸಾರಾಂಶ. 1956ರಲ್ಲಿ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು ಇನ್ನೊಂದು ವಾದ ಮುಂದಿಟ್ಟರು. ಮನೆಯವರು ಬಾಯಲ್ಲಿ ಒಂದು, ಭಾವದಲ್ಲಿ ಇನ್ನೊಂದು ಹೇಳಿ ಮಗುವನ್ನು ಇಕ್ಕಟ್ಟಿನಲ್ಲಿ ಸಿಲುಕಿಸುತ್ತಾರೆ, ಅದರಿಂದ ಮನಸ್ಸು ಒಡೆಯುತ್ತದೆ ಎಂದರು.

ಇದೇ ಕಾಲದಲ್ಲಿ ಮರ್ರೆ ಬೋವೆನ್ ಎಂಬ ವೈದ್ಯರು ವಾಷಿಂಗ್ಟನ್ ಸಮೀಪದ ಬೆಥೆಸ್ಡಾದಲ್ಲಿದ್ದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1954ರಿಂದ 1959ರವರೆಗೆ ಒಂದು ವಿಶಿಷ್ಟ ಸಂಶೋಧನೆ ನಡೆಸಿದರು. ಮೊದಲು ರೋಗಿಯ ಜೊತೆ ತಾಯಿ, ನಂತರ ತಂದೆ ಮತ್ತು ಒಡಹುಟ್ಟಿದವರು ಆಸ್ಪತ್ರೆಯ ವಾರ್ಡಿನಲ್ಲೇ ಬಂದು ತಿಂಗಳುಗಟ್ಟಲೆ ವಾಸವಾಗಿದ್ದರು. ಕುಟುಂಬ ಚಿಕಿತ್ಸೆ ಎಂಬ ಶಾಸ್ತ್ರ ಬೆಳೆಯಲು ಈ ಕೆಲಸದಿಂದ ಬಹಳ ಸಹಾಯವಾಯಿತು. ಆದರೆ ಅಲ್ಲಿಯೂ ಕೆಲವೇ ಕುಟುಂಬಗಳು. ಅವರು ಇದ್ದದ್ದು ವಾರ್ಡಿನ ಒಳಗೆ, ವೈದ್ಯರ ಟಿಪ್ಪಣಿ ಪುಸ್ತಕದ ಮುಂದೆ.

ತಾಯಿಯೇ ಕಾರಣ ಎಂಬ ವಾದ ಮುಂದೆ ಬಿದ್ದುಹೋಯಿತು. ಸ್ಕಿಜೋಫ್ರೇನಿಯಾದಲ್ಲಿ ಅನುವಂಶೀಯತೆ ಮತ್ತು ಮೆದುಳಿನ ಬೆಳವಣಿಗೆಯ ಪಾತ್ರವನ್ನು ಸಂಶೋಧನೆಗಳು ತೋರಿಸಿದವು. ಬೆಳೆಸಿದ ರೀತಿಯಿಂದ ಈ ಕಾಯಿಲೆ ಹುಟ್ಟುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಆದರೆ ಅಷ್ಟರಲ್ಲಿ ಒಂದು ತಲೆಮಾರಿನ ತಾಯಂದಿರು ಆ ಕಳಂಕವನ್ನು ಹೊತ್ತು ಬದುಕಿದ್ದರು.

ಪಂಜಾಬಿನ ಪ್ರಯೋಗ

ಅದೇ 1950ರ ದಶಕದಲ್ಲಿ ಪಂಜಾಬಿನ ಅಮೃತಸರದಲ್ಲಿ ಬೇರೆಯೇ ಒಂದು ಕೆಲಸ ನಡೆಯುತ್ತಿತ್ತು. ದೇಶ ವಿಭಜನೆಯಾಗಿ ಕೆಲವೇ ವರ್ಷಗಳಾಗಿದ್ದವು. ಜಮೀನು, ಖಜಾನೆ, ಕಚೇರಿಯ ಕಡತಗಳನ್ನು ಹಂಚಿಕೊಂಡ ಹಾಗೆ ಎರಡು ದೇಶಗಳು ಮಾನಸಿಕ ರೋಗಿಗಳನ್ನೂ ಹಂಚಿಕೊಂಡಿದ್ದವು. 1950ರಲ್ಲಿ ಲಾಹೋರಿನ ಆಸ್ಪತ್ರೆಯಲ್ಲಿದ್ದ ಹಿಂದೂ, ಸಿಖ್ ರೋಗಿಗಳನ್ನು ಇತ್ತ ಕಳಿಸಿ, ಇಲ್ಲಿದ್ದ ಮುಸ್ಲಿಂ ರೋಗಿಗಳನ್ನು ಅತ್ತ ಕಳಿಸಿದರು. ಸಾದತ್ ಹಸನ್ ಮಂಟೋ ಅವರ 'ಟೋಬಾ ಟೇಕ್ ಸಿಂಗ್' ಕಥೆಯ ಹಿನ್ನೆಲೆ ಇದೇ. ಹೀಗೆ ಬಂದ ನೂರಾರು ರೋಗಿಗಳಿಂದ ಅಮೃತಸರದ ಆಸ್ಪತ್ರೆ ಕಿಕ್ಕಿರಿದಿತ್ತು. ಸಿಬ್ಬಂದಿ ಕಡಿಮೆ, ಜಾಗ ಕಡಿಮೆ, ಹಣವೂ ಕಡಿಮೆ.

ಅಲ್ಲಿಗೆ ಅಧೀಕ್ಷಕರಾಗಿ ಬಂದವರು ಡಾ. ವಿದ್ಯಾಸಾಗರ್. ಹೊಸ ರೋಗಿಗಳನ್ನು ಕರೆತಂದ ಮನೆಯವರಿಗೆ ಅವರು ಒಂದು ಮಾತು ಹೇಳಲು ತೊಡಗಿದರು: ಬಿಟ್ಟು ಹೋಗಬೇಡಿ, ನೀವೂ ಇಲ್ಲಿಯೇ ಇರಿ. ಆದರೆ ಎಲ್ಲಿ ಇರುವುದು? ವಾರ್ಡಿನಲ್ಲಿ ರೋಗಿಗಳಿಗೇ ಸ್ಥಳವಿರಲಿಲ್ಲ. ವಿದ್ಯಾಸಾಗರ್ ಸೇನೆಯಿಂದ ಡೇರೆಗಳನ್ನು ತಂದು ಆಸ್ಪತ್ರೆಯ ಬಯಲಿನಲ್ಲಿ ಹೊಡೆಸಿದರು. ರೋಗಿಯೂ ಮನೆಯವರೂ ಆ ಡೇರೆಗಳಲ್ಲಿ ಒಟ್ಟಿಗೆ ಉಳಿದರು. ಆಗ ಲಭ್ಯವಿದ್ದ ವೈದ್ಯಕೀಯ ಚಿಕಿತ್ಸೆ ನಡೆಯುತ್ತಲೇ ಇತ್ತು. ಅದರ ಜೊತೆಗೆ ಅವರು ರೋಗಿಗಳನ್ನೂ ಮನೆಯವರನ್ನೂ ಗುಂಪಾಗಿ ಕೂರಿಸಿಕೊಂಡು ಕಾಯಿಲೆಯ ಬಗ್ಗೆ, ಆರೈಕೆಯ ಬಗ್ಗೆ ಮಾತನಾಡುತ್ತಿದ್ದರು. ಎಷ್ಟೋ ರೋಗಿಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಂಡು ಮನೆಯವರ ಜೊತೆಗೇ ಊರಿಗೆ ಮರಳಿದರು. ವರ್ಷಗಟ್ಟಲೆ ಒಳಗೇ ಉಳಿಯುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ವಿದ್ಯಾಸಾಗರ್ ಹೆಚ್ಚು ಬರೆದವರಲ್ಲ. 1971ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಒಂದು ಲೇಖನದಲ್ಲಿ ಅವರು ಈ ಪ್ರಯೋಗದಿಂದಾದ ಲಾಭಗಳನ್ನು ಹೇಳಿದ್ದಾರೆ. ಮಾನಸಿಕ ಕಾಯಿಲೆ ವಾಸಿಯಾಗುವುದೇ ಇಲ್ಲ ಎಂಬ ಹಳೆಯ ನಂಬಿಕೆ ಸಡಿಲವಾಯಿತು. ರೋಗಿಗಳು ಒಬ್ಬರನ್ನೊಬ್ಬರು ನೋಡಿ ಕಲಿತರು. ಮನೆಯವರು ಮಾನಸಿಕ ಆರೋಗ್ಯದ ತಿಳಿವಳಿಕೆಯನ್ನು ಕಟ್ಟಿಕೊಂಡು ಊರಿಗೆ ಹೋದರು. ಇಷ್ಟು ಸರಳವಾದ ಮಾತುಗಳು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಒಂದು ವಿಷಯ. ಬೆಥೆಸ್ಡಾದಲ್ಲೂ ಮನೆಯವರನ್ನು ಆಸ್ಪತ್ರೆಗೆ ಕರೆದರು, ಅಮೃತಸರದಲ್ಲೂ ಕರೆದರು. ಅಲ್ಲಿ ಕರೆದದ್ದು ಕಾಯಿಲೆಗೆ ಕಾರಣ ಹುಡುಕಲು. ಇಲ್ಲಿ ಕರೆದದ್ದು ಕೆಲಸಕ್ಕೆ ಕೈ ಸೇರಿಸಲು. ಅಲ್ಲಿ ಮನೆಯವರು ಅಧ್ಯಯನದ ವಸ್ತು, ಇಲ್ಲಿ ಅವರು ವೈದ್ಯರ ಸಹಾಯಕರು. ನೀವು ಕೇಳುವ "ನಮ್ಮಿಂದ ಆದದ್ದೆ?" ಎಂಬ ಪ್ರಶ್ನೆಗೆ ಅಮೃತಸರದ ಡೇರೆಗಳು ಕೊಟ್ಟ ಉತ್ತರ ಇದು: ಕಾಯಿಲೆ ನಿಮ್ಮಿಂದ ಬಂದದ್ದಲ್ಲ, ಆದರೆ ಚೇತರಿಕೆಯ ಬಹುಪಾಲು ಕೆಲಸ ನಿಮ್ಮ ಕೈಯಲ್ಲಿದೆ.

ಬಯಲು ಮಾಡುವ ಕೆಲಸ

ಹಾಗಾದರೆ ಡೇರೆಯ ಪಾತ್ರವೇನು? ಮನೆಯವರು ಇದ್ದರೆ ಸಾಲದೆ, ಬಯಲು ಏಕೆ ಬೇಕು? ನನಗೆ ಮೂರು ಕಾರಣಗಳು ಕಾಣುತ್ತವೆ.

ಮೊದಲನೆಯದು ಜಾಗ. ವಾರ್ಡು ಎನ್ನುವುದು ಒಬ್ಬ ರೋಗಿಗೆ ಒಂದು ಮಂಚ ಎಂಬ ಲೆಕ್ಕದಲ್ಲಿ ಕಟ್ಟಿದ್ದು. ಅಲ್ಲಿ ಮನೆಯವರು ಯಾವಾಗಲೂ ಹೆಚ್ಚಿನವರೇ. ಬಯಲಿನಲ್ಲಿ ಆ ಲೆಕ್ಕವಿಲ್ಲ.

ಎರಡನೆಯದು ನೋಟ. ಮಾನಸಿಕ ಕಾಯಿಲೆ ಇರುವ ಮನೆ ಸಾಮಾನ್ಯವಾಗಿ ಕಿಟಕಿ ಮುಚ್ಚಿಕೊಳ್ಳುತ್ತದೆ. ನಮ್ಮಂಥ ಕಷ್ಟ ಇನ್ನಾರಿಗೂ ಇಲ್ಲ ಎಂದು ಆ ಮನೆ ನಂಬುತ್ತದೆ. ಡೇರೆಗಳ ಸಾಲಿನಲ್ಲಿ ಮುಚ್ಚುಮರೆಗೆ ಅವಕಾಶ ಕಡಿಮೆ. ಪಕ್ಕದ ಡೇರೆಯ ತಾಯಿ ಮಗನ ಸಿಟ್ಟನ್ನು ಹೇಗೆ ತಣಿಸುತ್ತಾಳೆ ಎಂಬುದು ಕಣ್ಣಿಗೆ ಬೀಳುತ್ತದೆ. ನಿನ್ನೆ ತಾನೇ ಕೂಗಾಡುತ್ತಿದ್ದವನು ಇಂದು ನೀರು ಹೊತ್ತು ತರುವುದನ್ನು ನೋಡಿದಾಗ ನಮ್ಮವನ ಬಗ್ಗೆಯೂ ಆಸೆ ಹುಟ್ಟುತ್ತದೆ. ಹತ್ತು ಉಪನ್ಯಾಸಗಳು ಕೊಡಲಾರದ ಧೈರ್ಯವನ್ನು ನೆರೆಯ ಡೇರೆ ಕೊಡಬಲ್ಲದು.

ಮೂರನೆಯದು ಕೆಲಸ. ನಾಲ್ಕು ಗೋಡೆಗಳ ನಡುವೆ ಎದುರುಬದುರಾಗಿ ಕುಳಿತರೆ ಮಾತೇ ಕೆಲಸವಾಗುತ್ತದೆ. ಆ ಮಾತು ಬೇಗನೆ ದೂರಿಗೆ, ಬುದ್ಧಿವಾದಕ್ಕೆ ತಿರುಗುತ್ತದೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬಂದದ್ದು ಇದು: ಸತತವಾದ ಟೀಕೆ, ಹಗೆತನ ಮತ್ತು ಅತಿಯಾದ ಕಾಳಜಿ ತುಂಬಿದ ಮನೆಗೆ ಹಿಂತಿರುಗಿದ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಗಮನಿಸಿ, ಕಾಯಿಲೆ ಹುಟ್ಟುವುದಲ್ಲ, ಮರುಕಳಿಸುವುದು. ಇದೇ ಬಗೆಯ ಅಧ್ಯಯನವನ್ನು ಚಂಡೀಗಢದಲ್ಲಿ ನಡೆಸಿ 1987ರಲ್ಲಿ ಪ್ರಕಟಿಸಿದಾಗ, ನಮ್ಮ ಮನೆಗಳಲ್ಲಿ ಇಂಥ ವಾತಾವರಣ ಲಂಡನ್ನಿಗಿಂತ ಗಣನೀಯವಾಗಿ ಕಡಿಮೆ ಎಂದು ಕಂಡುಬಂತು. ಬಯಲಿನಲ್ಲಿ ಒಲೆ ಹಚ್ಚಬೇಕು, ಸೌದೆ ಆಯಬೇಕು, ಹಗ್ಗ ಬಿಗಿಯಬೇಕು. ಕಣ್ಣುಗಳು ಒಬ್ಬರನ್ನೊಬ್ಬರು ಇರಿಯುವ ಬದಲು ಕೆಲಸದ ಮೇಲೆ ಇರುತ್ತವೆ. ಮಾತು ಕಡಿಮೆಯಾದರೂ ಒಡನಾಟ ಕಡಿಮೆಯಾಗುವುದಿಲ್ಲ.

ಈ ಮೂರನೆಯ ಅಂಶವನ್ನೇ ಮುಂದೆ ಕುಟುಂಬ ಚಿಕಿತ್ಸಕರು ಉಪಾಯವಾಗಿ ಬಳಸಿದರು. ಸಾಲ್ವಡಾರ್ ಮಿನೂಚಿನ್ ಎಂಬ ಚಿಕಿತ್ಸಕರು 1970ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ, ಊಟ ಬಿಟ್ಟು ಸೊರಗುವ ಕಾಯಿಲೆಯ ಮಕ್ಕಳ ಮನೆಯವರನ್ನು ತಮ್ಮ ಮುಂದೆಯೇ ಒಟ್ಟಿಗೆ ಊಟಕ್ಕೆ ಕೂರಿಸುತ್ತಿದ್ದರು. ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿ ತಿಳಿಯುವುದಕ್ಕಿಂತ ಕಣ್ಣಾರೆ ನೋಡುವುದು ಮೇಲು ಎಂಬುದು ಅವರ ಪದ್ಧತಿ. ಹೊರಾಂಗಣದಲ್ಲಿ ಕುಟುಂಬ ಚಿಕಿತ್ಸೆ ನಡೆಸುವವರು ಇದನ್ನೇ ಬಯಲಿಗೆ ಒಯ್ದಿದ್ದಾರೆ. ಒಂದು ಡೇರೆ, ನಾಲ್ಕು ಗೂಟ, ಒಂದಿಷ್ಟು ಹಗ್ಗ ಕೊಟ್ಟು ಇದನ್ನು ನೀವೆಲ್ಲ ಸೇರಿ ನಿಲ್ಲಿಸಿ ಎನ್ನುತ್ತಾರೆ. ಯಾರು ಅಪ್ಪಣೆ ಕೊಡುತ್ತಾರೆ, ಯಾರು ಸುಮ್ಮನೆ ದುಡಿಯುತ್ತಾರೆ, ಯಾರ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ, ಯಾರು ಮುನಿದು ದೂರ ಹೋಗಿ ನಿಲ್ಲುತ್ತಾರೆ ಎನ್ನುವುದೆಲ್ಲ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ಡೇರೆ ಮೊದಲ ಸಲ ಬಿದ್ದರೂ ಚಿಂತೆಯಿಲ್ಲ. ಎರಡನೆಯ ಸಲ ನಿಲ್ಲಿಸುವಾಗ ಆ ಮನೆ ಬೇರೆ ರೀತಿಯಲ್ಲಿ ನಿಲ್ಲಲು ಕಲಿಯುತ್ತದೆ.

ಹಸಿರಿನ ಪ್ರಭಾವವನ್ನೂ ಅಲ್ಲಗಳೆಯಲಾಗದು. ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು, ಅವರಿಗೆ ತೀಕ್ಷ್ಣ ನೋವುನಿವಾರಕಗಳು ಕಡಿಮೆ ಸಾಕಾದವು. 1984ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು. ಆದರೆ ಆಸ್ಪತ್ರೆ ಕಟ್ಟುವವರು ಕಿಟಕಿಯ ಬಗ್ಗೆ ಯೋಚಿಸುವಂತೆ ಮಾಡಿತು.

ವೆಲ್ಲೂರು, ಬೆಂಗಳೂರು

ಅಮೃತಸರದ ಹೊಳಹು ದಕ್ಷಿಣದಲ್ಲಿಯೂ ಕಾಣಿಸಿಕೊಂಡಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರ 1957ರಲ್ಲಿ ಊರಿನ ಹೊರಗಿನ ಬಾಗಾಯಂನಲ್ಲಿ ಆರಂಭವಾಯಿತು. ಅದನ್ನು ಕಟ್ಟಿದವರು ಕೆನಡಾದಿಂದ ಬಂದಿದ್ದ ಡಾ. ಫ್ಲಾರೆನ್ಸ್ ನಿಕೋಲ್ಸ್. ಅಲ್ಲಿ ರೋಗಿಯ ಜೊತೆ ಮನೆಯವರಲ್ಲಿ ಒಬ್ಬರಾದರೂ ಇರಬೇಕು ಎಂಬುದು ನಿಯಮವಾಯಿತು.

ನಮ್ಮ ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ 1970ರ ದಶಕದಲ್ಲಿ ಮನೆಯವರು ರೋಗಿಯ ಜೊತೆ ಉಳಿಯುವ ಕುಟುಂಬ ವಾರ್ಡಿನ ಕೆಲಸ ಬೆಳೆಯಿತು. ಆರ್. ಎಸ್. ಭಟ್ಟಿ, ಎನ್. ಜಾನಕಿರಾಮಯ್ಯ ಮತ್ತು ಎಸ್. ಎಂ. ಚನ್ನಬಸವಣ್ಣ ಅವರು ಈ ಅನುಭವವನ್ನು 1980ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಬರೆದರು. ಪಶ್ಚಿಮದವರು ಕಷ್ಟಪಟ್ಟು ಏರ್ಪಡಿಸಬೇಕಾಗಿದ್ದುದು ನಮ್ಮಲ್ಲಿ ಸಹಜವಾಗಿಯೇ ಇತ್ತು. ರೋಗಿಯನ್ನು ಒಂಟಿಯಾಗಿ ಆಸ್ಪತ್ರೆಗೆ ಕಳಿಸುವ ರೂಢಿ ನಮ್ಮದಲ್ಲವಲ್ಲ.

ಎರಡು ಎಚ್ಚರಿಕೆಗಳು

ಇಷ್ಟು ಕೇಳಿದ ಮೇಲೆ, ಹಾಗಾದರೆ ಕಾಡಿಗೆ ಕಳಿಸಿಬಿಟ್ಟರೆ ವಾಸಿಯಾಗುತ್ತದೆ ಎಂದು ಯಾರೂ ಭಾವಿಸಬಾರದು. ಅಮೆರಿಕದಲ್ಲಿ ಹಟಮಾರಿ ಹದಿಹರೆಯದವರನ್ನು 'ತಿದ್ದಲು' ತಂದೆತಾಯಿಗಳಿಂದ ದೂರ, ಮರುಭೂಮಿಯ ಮತ್ತು ಕಾಡಿನ ಶಿಬಿರಗಳಿಗೆ ಕಳಿಸುವ ಖಾಸಗಿ ಉದ್ಯಮವೇ ಬೆಳೆಯಿತು. ಅಲ್ಲಿನ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಸರ್ಕಾರಿ ಸಂಸ್ಥೆ 2007ರಲ್ಲಿ ಇಂಥ ಖಾಸಗಿ ಶಿಬಿರ ಮತ್ತು ವಸತಿ ಕೇಂದ್ರಗಳ ಬಗ್ಗೆ ವರದಿ ನೀಡಿತು. 1990ರಿಂದ 2004ರ ನಡುವೆ ಮಕ್ಕಳು ಸತ್ತ ಹತ್ತು ಪ್ರಕರಣಗಳನ್ನು ಅದು ವಿವರವಾಗಿ ಪರಿಶೀಲಿಸಿತ್ತು. ತರಬೇತಿಯಿಲ್ಲದ ಸಿಬ್ಬಂದಿ, ಸಾಲದ ಅನ್ನ, ನೀರು, ನಿಜವಾದ ಅಸ್ವಸ್ಥತೆಯನ್ನು ನಟನೆ ಎಂದು ತಳ್ಳಿಹಾಕಿದ್ದು — ಅದರಲ್ಲಿ ಕಂಡುಬಂದ ಕಾರಣಗಳು ಇವು. ಅಲ್ಲಿ ನಿಸರ್ಗವಿತ್ತು. ಮನೆಯವರು ಇರಲಿಲ್ಲ.

ಇನ್ನೊಂದು ಎಚ್ಚರಿಕೆ ನಮ್ಮ ನೆರೆಯದೇ. ತಮಿಳುನಾಡಿನ ಏರ್ವಾಡಿಯ ದರ್ಗಾಕ್ಕೆ ಮಾನಸಿಕ ರೋಗಿಗಳನ್ನು ಕರೆದುಕೊಂಡು ಹೋಗುವ ರೂಢಿ ಬಹಳ ಹಿಂದಿನದು. ಕ್ರಮೇಣ ಅದರ ಸುತ್ತ ಖಾಸಗಿ ಆಶ್ರಯಗಳು ಹುಟ್ಟಿಕೊಂಡವು. ಹಣ ಕೊಟ್ಟು ರೋಗಿಯನ್ನು ಬಿಟ್ಟು ಹೋಗಬಹುದಿತ್ತು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥದೊಂದು ಆಶ್ರಯಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರ ಸಂಖ್ಯೆ 28ಕ್ಕೆ ಮುಟ್ಟಿತು.

ಇದರ ಪಕ್ಕದಲ್ಲಿ ಅದೇ ತಮಿಳುನಾಡಿನ ಇನ್ನೊಂದು ಸ್ಥಳವನ್ನು ಇಟ್ಟು ನೋಡಿ. ಬೆಂಗಳೂರಿನ ಮನೋವೈದ್ಯ ಆರ್. ರಘುರಾಂ ಮತ್ತು ಸಂಗಡಿಗರು ಮುತ್ತುಸ್ವಾಮಿಯ ಗುಡಿಯಲ್ಲಿ ಉಳಿದ 31 ಜನರನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಅಲ್ಲಿ ವಿಶೇಷ ಮಂತ್ರ ತಂತ್ರಗಳಿರಲಿಲ್ಲ. ರೋಗಿಗಳು ಮನೆಯವರ ಜೊತೆ ಕೆಲವು ವಾರ ಉಳಿದು, ಗುಡಿಯ ಸಣ್ಣಪುಟ್ಟ ಕೆಲಸಗಳಲ್ಲಿ ತೊಡಗುತ್ತಿದ್ದರು. ರೋಗಲಕ್ಷಣಗಳ ಅಳತೆಯಲ್ಲಿ ಸುಮಾರು ಶೇಕಡ 20ರಷ್ಟು ಇಳಿಕೆ ಕಂಡಿತು. ಇದರಿಂದ ಔಷಧ ಬೇಡ, ಗುಡಿ ಸಾಕು ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಒಂದೇ ಕಾಲದ, ಒಂದೇ ನಾಡಿನ ಎರಡು ಸ್ಥಳಗಳ ನಡುವಿನ ವ್ಯತ್ಯಾಸವನ್ನಷ್ಟೇ ನೋಡಿ. ಒಂದು ಕಡೆ ಮನೆಯವರು ಬಿಟ್ಟು ಹೋದರು, ಮನೆಯವರ ಜಾಗದಲ್ಲಿ ಸರಪಳಿ ಬಂತು. ಇನ್ನೊಂದು ಕಡೆ ಮನೆಯವರು ಉಳಿದರು, ಕೈಗೆ ಕೆಲಸ ಬಂತು.

ಈಗ ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವುದೇ ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಸಮಾಜದ ನಡುವೆ ಬದುಕುವುದು ರೋಗಿಯ ಹಕ್ಕು ಎಂದಿದೆ. ಮನೆಯವರೆಲ್ಲ ಒಳ್ಳೆಯವರೇ ಆಗಿರುವುದಿಲ್ಲ, ಆಸ್ತಿಗಾಗಿ 'ಹುಚ್ಚ' ಎಂದು ಹಣೆಪಟ್ಟಿ ಕಟ್ಟುವವರೂ ಇದ್ದಾರೆ. ಆದ್ದರಿಂದ ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ರೋಗಿಯೇ ಹೆಸರಿಸುವ ಅವಕಾಶವನ್ನೂ ಕೊಟ್ಟಿದೆ. ಇದು ಸರಿಯಾದದ್ದೇ.

ಬಿಡುವಿನ ಲೆಕ್ಕ

ಕೊನೆಯದಾಗಿ ನಿಮ್ಮ ಬಗ್ಗೆ ಒಂದು ಮಾತು. ಮನೆಯವರು ಆರೈಕೆಯ ಬೆನ್ನೆಲುಬು ಎಂದು ಹೊಗಳುವುದು ಸುಲಭ. ಆ ಬೆನ್ನಿನ ನೋವನ್ನು ಅಳೆದವರು ಕಡಿಮೆ. ಅಳೆದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಅವರು 1981ರಲ್ಲಿ ರೋಗಿಯ ಮನೆಯವರ ಹೊರೆಯನ್ನು ತಿಳಿಯಲು ಒಂದು ಪ್ರಶ್ನಾವಳಿ ರಚಿಸಿದರು. ಅದು ಹೊರದೇಶಗಳಲ್ಲೂ ಬಳಕೆಯಾಯಿತು. ಅದರಲ್ಲಿ ಆರು ಬಾಬುಗಳಿವೆ: ಹಣದ ಹೊರೆ, ದಿನಚರಿ ಕೆಡುವುದು, ಬಿಡುವು ಇಲ್ಲವಾಗುವುದು, ಮನೆಯವರ ನಡುವಿನ ಸಂಬಂಧ ಹಳಸುವುದು, ಉಳಿದವರ ದೇಹದ ಆರೋಗ್ಯ, ಉಳಿದವರ ಮನಸ್ಸಿನ ಆರೋಗ್ಯ.

ಇದರಲ್ಲಿ ಮೂರನೆಯದನ್ನು ನೋಡಿ. ಬಿಡುವು, ಅಂದರೆ ತಿರುಗಾಟ, ಹಬ್ಬ, ಊರ ಜಾತ್ರೆ, ಬಂಧುಗಳ ಮನೆ. ಹಣದಷ್ಟೇ ಸಮನಾಗಿ ಇದನ್ನೂ ಅವರು ಒಂದು ಬಾಬಾಗಿ ಇಟ್ಟರು. ಕಾಯಿಲೆ ಬಂದ ಮನೆ ಮೊದಲು ನಿಲ್ಲಿಸುವುದು ಇದನ್ನೇ. "ಇವನನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು?" ಎಂದು ಕೇಳುತ್ತೇವೆ. ಆಮೇಲೆ "ಇವನನ್ನು ಬಿಟ್ಟು ಹೇಗೆ ಹೋಗುವುದು?" ಎಂದು ಕೇಳುತ್ತೇವೆ. ಹೀಗೆ ಎಲ್ಲರೂ ಮನೆಯಲ್ಲೇ ಉಳಿಯುತ್ತೇವೆ, ಇಲ್ಲವೆ ಒಬ್ಬರು ಕಾವಲಿಗೆ ಉಳಿದು ಮಿಕ್ಕವರು ಹೋಗುತ್ತಾರೆ. ಆ ಕಾವಲಿನವರು ಸಾಮಾನ್ಯವಾಗಿ ಹೆಂಗಸರು. ನಾಲ್ಕು ಗೋಡೆಗಳ ಆಸ್ಪತ್ರೆಯನ್ನು ನಾವೇ ಮನೆಯಲ್ಲಿ ಕಟ್ಟಿಕೊಂಡ ಹಾಗಾಯಿತು.

ನಾನು ಹೇಳುವುದು ದೊಡ್ಡ ಶಿಬಿರ, ದೂರದ ಕಾಡಿನ ವಿಷಯವಲ್ಲ. ವೈದ್ಯರು ಕೊಟ್ಟ ಔಷಧ ನಿಲ್ಲಿಸಬೇಡಿ. ಕಾಯಿಲೆ ಕೆರಳಿರುವಾಗ, ಜೀವಕ್ಕೆ ಅಪಾಯವಿರುವಾಗ ಬಯಲಿಗೆ ಹೊರಡಬೇಡಿ, ಮೊದಲು ಆಸ್ಪತ್ರೆಗೆ ಹೋಗಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ. ಸ್ವಲ್ಪ ಶಾಂತವಾದ ಮೇಲೆ ಸಂಜೆ ಜನ ಕಡಿಮೆಯಿರುವ ಹೊತ್ತಿನಲ್ಲಿ ಕೆರೆಯ ಏರಿಯ ಮೇಲೆ ಜೊತೆಗೆ ನಡೆಯಿರಿ. ಎದುರು ಕುಳಿತು ಮಾತಾಡಲಾಗದ ಮಗ ಪಕ್ಕದಲ್ಲಿ ನಡೆಯುವಾಗ ಒಂದೆರಡು ಮಾತಾಡಿಯಾನು. ಆಡದಿದ್ದರೂ ಸರಿ, ಒತ್ತಾಯಿಸಬೇಡಿ. ಗಿಡಕ್ಕೆ ನೀರು ಹಾಕುವ ಕೆಲಸವನ್ನು ಅವನಿಗೇ ಬಿಡಿ, ತಪ್ಪಿದ ದಿನ ಬೈಯಬೇಡಿ. ಸಾಧ್ಯವಾದರೆ ಇಂಥದೇ ಕಷ್ಟವಿರುವ ಇನ್ನೊಂದು ಮನೆಯವರ ಜೊತೆ ಸೇರಿ ಹೋಗಿ. ಅಮೃತಸರದ ಪಕ್ಕದ ಡೇರೆ ಮಾಡಿದ ಕೆಲಸವನ್ನು ಆ ಮನೆ ನಿಮಗೆ ಮಾಡುತ್ತದೆ, ನೀವು ಅವರಿಗೆ ಮಾಡುತ್ತೀರಿ.

ನಮ್ಮ ನಾಡಿನಲ್ಲಿ ಮನೆಮಂದಿಯೆಲ್ಲ ಬಯಲಿನಲ್ಲಿ ಕುಳಿತು ಉಣ್ಣುವ ದಿನಗಳಿವೆ. ಕಾರ್ತಿಕದಲ್ಲಿ ನೆಲ್ಲಿಯ ಮರದ ಕೆಳಗೆ ವನಭೋಜನ ಮಾಡುತ್ತೇವೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯಂದು ಗಾಡಿ ಕಟ್ಟಿಕೊಂಡು, ರೊಟ್ಟಿ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಇವು ಚಿಕಿತ್ಸೆಗಳಲ್ಲ, ಹಬ್ಬಗಳು. ಆದರೆ ಹೊಲಕ್ಕೆ ಹೋಗುವ ಆ ದಿನ ಎಷ್ಟೋ ಮನೆಗಳಲ್ಲಿ ಒಂದು ಕೋಣೆಯ ಬಾಗಿಲು ಹೊರಗಿನಿಂದ ಮುಚ್ಚಿರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಮುಂದಿನ ಎಳ್ಳಮಾವಾಸ್ಯೆಗೆ ಆ ಬಾಗಿಲು ತೆಗೆದು, "ಬರುತ್ತೀಯಾ?" ಎಂದು ಕೇಳಿ ನೋಡಿ. ಒಲ್ಲೆ ಎಂದರೆ ಅದರ ಮುಂದಿನ ವರ್ಷ ಇನ್ನೊಮ್ಮೆ ಕೇಳಿ. ಬಂದರೆ ಬುತ್ತಿಯ ಗಂಟನ್ನು ಅವರ ಕೈಗೇ ಕೊಡಿ.